ಎರಡು ಸೊನ್ನೆ

ಮಲೆನಾಡಿನ ಮದುವೆಮನೆಗಳಲ್ಲಿ ಮಕ್ಕಳ ಓದಿನ ಸುದ್ದಿ ಪಂಕ್ತಿಯಲ್ಲಿ ಹರಡುವ ರೀತಿಯೇ ಬೇರೆ. ಇಂಜಿನಿಯರಿಂಗ್ ಸೇರಿದವನ ತಾಯಿ ಎದುರು ಸಾಲಿಗೂ ಕೇಳುವ ಹಾಗೆ ಹೇಳುತ್ತಾಳೆ. ಬಿ.ಎ. ಸೇರಿದವನ ತಾಯಿ 'ಐ.ಎ.ಎಸ್.ಗೆ ತಯಾರಿ ಮಾಡ್ತಿದಾನೆ' ಎಂದು ಮಾತು ಮುಗಿಸುತ್ತಾಳೆ. ಬಿ.ಕಾಂ. ಓದುವವನ ತಾಯಿ ಮಾತ್ರ ದನಿ ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. 'ಲೆಕ್ಕಪತ್ರ ಕಲೀತಿದಾನೆ, ಕೈಬಿಡಲ್ಲ ಬಿಡಿ' ಅನ್ನುತ್ತ ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸಿಕೊಳ್ಳುತ್ತಾಳೆ. ನಾನು ಈ ಮೂರನೇ ತಾಯಿಯ ಮಗ.

ಕಾಲೇಜು ಇದ್ದದ್ದು ಶಿವಮೊಗ್ಗದಲ್ಲಿ. ಪದವಿ ಕೊಡುವುದು ಕುವೆಂಪು ವಿಶ್ವವಿದ್ಯಾಲಯ. 1987ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾಲಯ ಇರುವುದು ಶಂಕರಘಟ್ಟದಲ್ಲಿ. ನಮ್ಮಂಥ ಪೇಟೆ ಕಾಲೇಜಿನವರಿಗೆ ಅದರ ದರ್ಶನವಾಗುತ್ತಿದ್ದದ್ದು ಹಾಲ್ ಟಿಕೆಟ್ಟಿನ ಮೇಲಿನ ಮುದ್ರೆಯಲ್ಲಿ. ಬೆಳಿಗ್ಗೆ ತರಗತಿ, ಊಟವಾದ ಮೇಲೆ ಸೋದರಮಾವನ ಅಡಿಕೆ ಮಂಡಿ. ಅಲ್ಲಿ ನನ್ನ ಕೆಲಸ ರಾಯರ ಪಕ್ಕ ಕೂತು ಅವರು ಹೇಳಿದ್ದನ್ನು ಕಂಪ್ಯೂಟರಿಗೆ ತುಂಬುವುದು. ರಾಯರು ಮಂಡಿಯ ಹಳೆಯ ಗುಮಾಸ್ತರು. ಬೆಂಗಳೂರಿನವರ ಟ್ಯಾಲಿ ಬಂದು ಊರಿಗೂರೇ ಅದಕ್ಕೆ ಒಲಿದ ಮೇಲೂ ಕೆಂಪು ಬಟ್ಟೆ ರಟ್ಟಿನ ಕಿರ್ದಿ ಪುಸ್ತಕವನ್ನು ಬಿಟ್ಟವರಲ್ಲ. 'ಕರೆಂಟು ಹೋದ್ರೆ ನಿನ್ನ ಲೆಕ್ಕ ಎಲ್ಲಿಗೆ ಹೋಗತ್ತೋ ನಂಗೊತ್ತಿಲ್ಲಪ್ಪ, ನಂದು ಇಲ್ಲೇ ಇರತ್ತೆ' ಎಂದು ಕಿರ್ದಿಯ ಬೆನ್ನು ತಟ್ಟುತ್ತಿದ್ದರು.

ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಅನ್ನದೆ 'ಲಾಭ' ಎಂದು ಎಣಿಸುವವರು ನಮ್ಮ ಕಡೆಯ ಜನ. ವರ್ಷವಿಡೀ ವ್ಯಾಪಾರ ಮಾಡಿ, ಖರ್ಚು ಕಳೆದು, ಕೊನೆಗೆ ಉಳಿದರೆ ಬರಬೇಕಾದದ್ದನ್ನು ಎಣಿಕೆಯ ಬಾಯಲ್ಲೇ ಬರಮಾಡಿಕೊಳ್ಳುವ ಇಂಥ ಊರಿನ ಹುಡುಗನಿಗೆ ವಾಣಿಜ್ಯಶಾಸ್ತ್ರ ಕಷ್ಟವಾಗಬಾರದಿತ್ತು. ಕಷ್ಟವಾದದ್ದು ಶಾಸ್ತ್ರವಲ್ಲ, ಒಂದೇ ಕಾರಿಡಾರಿನಲ್ಲಿ, ಒಂದರ ಹಿಂದೊಂದು ಪೀರಿಯಡ್ಡಿನಲ್ಲಿ, ಅಕೌಂಟ್ಸ್ ಮೇಡಂ ಮತ್ತು ಸ್ಟ್ಯಾಟಿಸ್ಟಿಕ್ಸ್ ಸರ್ ಹೇಳುತ್ತಿದ್ದ ಮಾತುಗಳನ್ನು ಒಂದೇ ತಲೆಯಲ್ಲಿ ಕೂರಿಸುವುದು.

ಮೇಡಂ ಅವರ ಲೋಕದಲ್ಲಿ ಪ್ರತಿ ಸಂಗತಿಗೂ ಎರಡು ಮುಖ. ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್. ಮಾಲು ಬಂತೆಂದರೆ ಹಣ ಹೋಗಿರಬೇಕು, ಹಣ ಹೋಗದಿದ್ದರೆ ಸಾಲ ಬಂದಿರಬೇಕು. ಸುಮ್ಮನೆ ಬರುವುದು, ಸುಮ್ಮನೆ ಹೋಗುವುದು ಎಂಬುದು ಆ ಲೋಕದಲ್ಲಿಲ್ಲ. ಈ ಪದ್ಧತಿಯನ್ನು 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ತನ್ನ ಗಣಿತದ ಹೊತ್ತಿಗೆಯೊಳಗೆ ವಿವರವಾಗಿ ಬರೆದಿಟ್ಟವನು ಲೂಕಾ ಪಚೋಲಿ ಎಂಬ ಸನ್ಯಾಸಿ. ಕಂಡುಹಿಡಿದವನು ಅವನಲ್ಲ, ವೆನಿಸ್ಸಿನ ವರ್ತಕರು ಆಗಲೇ ಹಾಗೆ ಬರೆಯುತ್ತಿದ್ದರು, ಅವನು ಅದನ್ನು ಶಾಸ್ತ್ರವಾಗಿ ಕೂರಿಸಿದ. ಸ್ವಂತಕ್ಕೆ ದುಡ್ಡಿಟ್ಟುಕೊಳ್ಳಬಾರದ ಮತದ ಸನ್ಯಾಸಿ ಜಗತ್ತಿಗೆಲ್ಲ ದುಡ್ಡಿನ ಲೆಕ್ಕ ಹೇಳಿಕೊಟ್ಟದ್ದು ನನಗೆ ಬಹಳ ಹಿಡಿಸಿತ್ತು. ದುಡ್ಡನ್ನು ಅಷ್ಟು ದೂರದಿಂದ ನೋಡಿದವನಿಗೇ ಅದರ ಎರಡೂ ಮಗ್ಗುಲು ಕಂಡಿರಬೇಕು.

ಎರಡು ಮಗ್ಗುಲೂ ಸಮನಾದರೆ ತಾಳೆ ಪಟ್ಟಿ ಕೂಡುತ್ತದೆ. ಸಮನಾಗದಿದ್ದರೆ ಮೇಡಂ ಅವರ ಮುಖ, ಮಂಡಿಯಲ್ಲಾದರೆ ರಾಯರ ಮುಖ, ಎರಡೂ ಮೋಡ ಕಟ್ಟುತ್ತಿದ್ದವು. ಒಂದು ರೂಪಾಯಿಯ ವ್ಯತ್ಯಾಸಕ್ಕೂ ಲಕ್ಷ ರೂಪಾಯಿಯ ವ್ಯತ್ಯಾಸಕ್ಕೂ ಅವರಲ್ಲಿ ಒಂದೇ ಶೋಕ. 'ಹೋಗ್ಲಿ ಬಿಡಿ ರಾಯರೇ, ಹನ್ನೆರಡು ರೂಪಾಯಿ ನಾನೇ ಹಾಕ್ತೀನಿ' ಎಂದರೆ ಮಾವನಿಗೂ ಬೈಗುಳ ತಪ್ಪುತ್ತಿರಲಿಲ್ಲ. ಆ ಹನ್ನೆರಡು ರೂಪಾಯಿ ಎರಡು ದೊಡ್ಡ ಎಡವಟ್ಟುಗಳು ಪರಸ್ಪರ ಕಳೆದು ಉಳಿದ ಬಾಲವೂ ಆಗಿರಬಹುದು ಎಂಬುದು ರಾಯರ ವಾದ. ಹುಡುಕುವುದಕ್ಕೆ ಅವರಲ್ಲಿ ಉಪಾಯಗಳಿದ್ದವು. ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಯಾರೋ ಅಂಕಿಗಳನ್ನು ಅದಲುಬದಲು ಮಾಡಿದ್ದಾರೆಂದು ಅನುಮಾನಿಸಬೇಕು: 540 ಇರಬೇಕಾದಲ್ಲಿ 450 ಬಿದ್ದರೆ ಅಂತರ 90. ವ್ಯತ್ಯಾಸವನ್ನು ಅರ್ಧ ಮಾಡಿ, ಆ ಅರ್ಧದಷ್ಟೇ ಮೊತ್ತ ಎಲ್ಲಾದರೂ ಇದೆಯಾ ನೋಡಬೇಕು. ಇದ್ದರೆ ಅದು ಎಡಕ್ಕೆ ಬರೆಯುವ ಬದಲು ಬಲಕ್ಕೆ ಹೋಗಿ ಕೂತಿರುತ್ತದೆ. ಪಠ್ಯಪುಸ್ತಕದಲ್ಲಿ ಇದೇ ಉಪಾಯ ಕಂಡಾಗ ರಾಯರಿಗೆ ತೋರಿಸಿದೆ. ಪುಸ್ತಕದವರೂ ತಮ್ಮಷ್ಟು ಬಲ್ಲವರು ಎಂದು ಅವರು ಉದಾರವಾಗಿ ಒಪ್ಪಿಕೊಂಡರು.

ತಾಳೆಯಾದ ಲೆಕ್ಕ ಸತ್ಯವಾದ ಲೆಕ್ಕ ಎಂದು ನಾವು ನಂಬಿ ಕೂತಿದ್ದಾಗ ಮೇಡಂ ಅವರೇ ನಮ್ಮ ನಂಬಿಕೆಯ ಬುಡಕ್ಕೆ ಕೊಡಲಿ ಹಾಕಿದರು. ತಾಳೆ ಪಟ್ಟಿಗೆ ಕಾಣದ ದೋಷಗಳೆಂಬ ಒಂದು ಅಧ್ಯಾಯವಿದೆ. ಬರೆಯುವುದನ್ನೇ ಪೂರ್ತಿ ಮರೆತರೆ ಎಡಬಲ ಎರಡೂ ಬಡವಾಗುತ್ತವೆ, ಪಟ್ಟಿ ಕೂಡುತ್ತದೆ. ಎಡಕ್ಕೆ ಯಾವುದೋ ಕಾರಣಕ್ಕೆ ನೂರು ಹೆಚ್ಚಾಗಿ, ಬಲಕ್ಕೆ ಇನ್ಯಾವುದೋ ಕಾರಣಕ್ಕೆ ನೂರು ಹೆಚ್ಚಾದರೂ ಪಟ್ಟಿ ಕೂಡುತ್ತದೆ. ಸುಳ್ಳನ್ನು ಎರಡೂ ಕಡೆ ಶ್ರದ್ಧೆಯಿಂದ ಬರೆದರಂತೂ ಬಹಳ ಸೊಗಸಾಗಿ ಕೂಡುತ್ತದೆ. 2009ರ ಜನವರಿಯಲ್ಲಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕಿನ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರಲ್ಲ, ಆ ಕಂಪನಿಯ ಆಸ್ತಿ-ಹೊಣೆ ಪಟ್ಟಿಯ ಎರಡು ಮಗ್ಗುಲೂ ಅಷ್ಟು ವರ್ಷ ಸಮವಾಗಿಯೇ ಇದ್ದವು. ಮೇಡಂ ಇದನ್ನು ಹೇಳಿ, 'ಆದರೂ ಪರೀಕ್ಷೆಯಲ್ಲಿ ಟ್ಯಾಲಿ ಆಗದಿದ್ದರೆ ಮಾರ್ಕ್ಸ್ ಇಲ್ಲ' ಎಂದು ಮುಂದಿನ ಲೆಕ್ಕಕ್ಕೆ ಹೋದರು.

ಅಲ್ಲಿಂದ ಎದ್ದು ಪಕ್ಕದ ಕೋಣೆಗೆ ಹೋದರೆ ಸ್ಟ್ಯಾಟಿಸ್ಟಿಕ್ಸ್. ವ್ಯತ್ಯಾಸ ಇಲ್ಲಿ ಅಪರಾಧಿಯಲ್ಲ, ನಾಯಕ. ಎಲ್ಲರ ಎತ್ತರ ಒಂದೇ ಆಗಿದ್ದರೆ, ಎಲ್ಲರ ಸಂಬಳ ಒಂದೇ ಆಗಿದ್ದರೆ, ಈ ವಿಷಯಕ್ಕೆ ಅನ್ನವೇ ಇಲ್ಲ.

ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಪಠ್ಯಪುಸ್ತಕಗಳಲ್ಲಿ ಒಂದು ಪ್ರತ್ಯೇಕ ಬ್ರಹ್ಮಾಂಡವಿದೆ. ಅದರಲ್ಲಿ ಎಲ್ಲ ಕಾರ್ಖಾನೆಗಳ ಹೆಸರೂ ಎ ಅಥವಾ ಬಿ. ಎಲ್ಲ ಚೀಲಗಳಲ್ಲೂ ಕೆಂಪು ಚೆಂಡು, ಬಿಳಿ ಚೆಂಡು. ಜನ ಮಾಡಲು ಬೇರೆ ಕೆಲಸವಿಲ್ಲದೆ ಕಣ್ಣು ಮುಚ್ಚಿ ಅವನ್ನು ಎತ್ತುತ್ತಿರುತ್ತಾರೆ. ಒಂದು ಸೌಂದರ್ಯ ಸ್ಪರ್ಧೆ ನಡೆಯುತ್ತಲೇ ಇರುತ್ತದೆ: ಹತ್ತು ಮಂದಿ ಸ್ಪರ್ಧಿಗಳು, ಮೂವರು ತೀರ್ಪುಗಾರರು. ಯಾರು ಗೆದ್ದರೆಂದು ಯಾರೂ ಕೇಳುವುದಿಲ್ಲ. ಯಾವ ಇಬ್ಬರು ತೀರ್ಪುಗಾರರ ರುಚಿ ಹತ್ತಿರ ಎಂಬುದನ್ನು ಸ್ಪಿಯರ್‌ಮನ್ನನ ಸೂತ್ರದಿಂದ ಕಂಡುಹಿಡಿದು ಸ್ಪರ್ಧೆ ಮುಗಿಸಬೇಕು. ಅಕ್ಷರಶಃ ಇಲಿ ತಿಂದ ಲೆಕ್ಕಗಳೂ ಉಂಟು. ಕಡತ ಹಾಳಾಗಿ ಕೆಲವು ಅಂಕಿಗಳಷ್ಟೇ ಉಳಿದಿವೆ, ಕಳೆದುಹೋದವನ್ನು ಕಂಡುಹಿಡಿಯಿರಿ ಎನ್ನುತ್ತಾರೆ. ಆ ಕಡತ ನೋಡಿಕೊಳ್ಳುವ ಗುಮಾಸ್ತ ಕೈಗೆ ಸಿಕ್ಕಿದ್ದರೆ ರಾಯರು ಏನು ಮಾಡುತ್ತಿದ್ದರೋ.

ಈ ಬ್ರಹ್ಮಾಂಡದ ಖಾಯಂ ನಿವಾಸಿಗಳೆಂದರೆ ಬ್ಯಾಟ್ಸ್‌ಮನ್ ಎ ಮತ್ತು ಬ್ಯಾಟ್ಸ್‌ಮನ್ ಬಿ. ಇಬ್ಬರ ರನ್ನುಗಳ ಪಟ್ಟಿ ಕೊಟ್ಟು, ಯಾರು ಹೆಚ್ಚು ನೆಚ್ಚಬಹುದಾದ ಆಟಗಾರ ಎಂದು ಕೇಳುತ್ತಾರೆ. ಸರಾಸರಿ ತೆಗೆದು, ವಿಚಲನೆ ತೆಗೆದು, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸಂಖ್ಯೆ ಯಾರದು ಕಡಿಮೆಯೋ ಅವನೇ ನಂಬಿಕಸ್ಥ. ನಮ್ಮ ಸರ್‌ಗೆ ಈ ಅನಾಮಿಕರ ಮೇಲೆ ಪ್ರೀತಿಯಿರಲಿಲ್ಲ. ಪಕ್ಕದ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಇರುವಾಗ ಎ ಯಾಕೆ, ಬಿ ಯಾಕೆ ಎಂದು ಬೋರ್ಡಿನ ಮೇಲೆ ಎರಡೇ ಅಂಕಿ ಬರೆದರು: 0, 137.

1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ವಿಶ್ವನಾಥರ ಮೊದಲ ಟೆಸ್ಟು. ಮೊದಲ ಇನ್ನಿಂಗ್ಸ್ ಸೊನ್ನೆ, ಎರಡನೆಯದು 137. 'ಸರಾಸರಿ ಎಷ್ಟು?' 68.5. 'ಆ ಮ್ಯಾಚಲ್ಲಿ 68.5ರಂಥ ಆಟ ಯಾರಾದರೂ ನೋಡಿದರಾ?' ಯಾರೂ ನೋಡಿಲ್ಲ. ಒಂದು ದಿನ ಜನ ನಿಟ್ಟುಸಿರು ಬಿಟ್ಟರು, ಇನ್ನೊಂದು ದಿನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಡುವಿನದ್ದು ನಡೆಯಲೇ ಇಲ್ಲ. 'ಈಗ ಸರಾಸರಿಯಿಂದ ವ್ಯತ್ಯಾಸ ತೆಗೀರಿ.' ಮೊದಲನೆಯದಕ್ಕೆ 68.5 ಕಡಿಮೆ, ಎರಡನೆಯದಕ್ಕೆ 68.5 ಹೆಚ್ಚು. 'ಕೂಡಿ.' ಸೊನ್ನೆ.

ನಾವು ಹಗುರಾದೆವು. ಅಕೌಂಟ್ಸ್ ಓದಿ ಓದಿ ಸೊನ್ನೆ ಬಂದರೆ ಪೆನ್ನು ಮುಚ್ಚಿಡುವುದು ರೂಢಿಯಾಗಿತ್ತು. ಸರ್ ಮಾತ್ರ ಬಳಪ ಕೆಳಗಿಡಲಿಲ್ಲ. ಯಾವ ಅಂಕಿಗಳ ಗುಂಪನ್ನೇ ತೆಗೆದುಕೊಂಡರೂ ಸರಾಸರಿಯಿಂದ ಅಳೆದ ವ್ಯತ್ಯಾಸಗಳ ಮೊತ್ತ ಸೊನ್ನೆಯೇ. ಡಕ್ಕಿನವನಿಗೂ ಸೊನ್ನೆ, ಶತಕದವನಿಗೂ ಸೊನ್ನೆ. ಏಳನ್ನು ಬೀಳು ಮುಚ್ಚಿ, ಬೀಳನ್ನು ಏಳು ಮುಚ್ಚಿ, ಏನೂ ನಡೆದೇ ಇಲ್ಲ ಅನ್ನುವ ಸೊನ್ನೆ ಅದು. ಆದ್ದರಿಂದ ಕೂಡುವ ಮೊದಲು ಪ್ರತಿಯೊಂದು ವ್ಯತ್ಯಾಸವನ್ನೂ ವರ್ಗ ಮಾಡಬೇಕು. ಆಗ ಕಳೆಯುವ ಚಿಹ್ನೆ ಹೋಗುತ್ತದೆ, ಒಂದು ಇನ್ನೊಂದನ್ನು ನುಂಗಲಾರದು. ಆಮೇಲೆ ಸರಾಸರಿ, ವರ್ಗಮೂಲ. ಕಾರ್ಲ್ ಪಿಯರ್ಸನ್ 1890ರ ದಶಕದಲ್ಲಿ ಹೆಸರಿಟ್ಟ ಸ್ಟ್ಯಾಂಡರ್ಡ್ ಡೀವಿಯೇಷನ್ ಎಂದರೆ ಇಷ್ಟೇ. ವಿಶ್ವನಾಥರ ಆ ಟೆಸ್ಟಿಗೆ ಅದೂ 68.5. ಭಾಗಿಸಿ ನೂರರಿಂದ ಗುಣಿಸಿದರೆ ನೂರಕ್ಕೆ ನೂರು. ಪಠ್ಯಪುಸ್ತಕದ ಪ್ರಕಾರ ಇಂಥವನನ್ನು ತಂಡಕ್ಕೆ ತೆಗೆದುಕೊಳ್ಳಬಾರದು. ಆಯ್ಕೆಗಾರರು ಆ ಪುಸ್ತಕ ಓದಿರಲಿಲ್ಲವಾಗಿ ಅವರು 91 ಟೆಸ್ಟ್ ಆಡಿದರು, 14 ಶತಕ ಹೊಡೆದರು. ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋಲಲಿಲ್ಲ. ಇಡೀ ಆಟದ ಜೀವನದ ಸರಾಸರಿ 41.93. ಆ ಅಂಕಿಯೊಳಗೆ 1975ರ ಮದ್ರಾಸಿನ 97 ಅಜೇಯವೂ ಕರಗಿದೆ. ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತು ಭಾರತ 190ಕ್ಕೆ ಮುಗಿದಾಗ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾರಿಸಿ ನಿಂತವರು ಇವರೊಬ್ಬರೇ. 41.93 ನೋಡಿ ಅದನ್ನು ಊಹಿಸಬಲ್ಲವರು ಯಾರೂ ಇಲ್ಲ.

ಆ ಪೀರಿಯಡ್ಡಿನಿಂದ ನನಗೆ ಸೊನ್ನೆಯ ಮೇಲಿದ್ದ ಭಕ್ತಿ ಹೋಯಿತು. ಮೇಡಂ ಹೇಳಿದ 'ಒಂದನ್ನೊಂದು ಮುಚ್ಚುವ ದೋಷ'ಕ್ಕೂ ಸರ್ ತೋರಿಸಿದ ಈ ಮುಚ್ಚಾಟಕ್ಕೂ ನಂಟಿದೆ ಅನ್ನಿಸತೊಡಗಿತು. ಏನೂ ತಪ್ಪಿಲ್ಲದಿದ್ದರೂ ಸೊನ್ನೆ ಬರುತ್ತದೆ, ಎರಡು ತಪ್ಪುಗಳು ಹೊಂದಿಕೊಂಡರೂ ಸೊನ್ನೆ ಬರುತ್ತದೆ. ನೋಡಲಿಕ್ಕೆ ಎರಡೂ ದುಂಡಗೆ ಒಂದೇ ಥರ.

ಮಂಡಿಗೆ ಹೋದರೆ ಅಲ್ಲಿ ಸ್ಟ್ಯಾಟಿಸ್ಟಿಕ್ಸ್ ಹೆಸರಿಲ್ಲದೆ ನಡೆಯುತ್ತಿತ್ತು. ಶಿವಮೊಗ್ಗದ ಮಾರುಕಟ್ಟೆಯಲ್ಲಿ ಕೆಂಪಡಿಕೆ ಅಂದರೆ ಸರಕು, ಬೆಟ್ಟೆ, ರಾಶಿ, ಗೊರಬಲು. ಸರಕಿನ ಬೆಲೆ ಗೊರಬಲಿನ ಎರಡರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಇವೆಲ್ಲವನ್ನೂ ಕಲಸಿ ಸರಾಸರಿ ತೆಗೆದರೆ ಯಾರೂ ಮಾರದ, ಯಾರೂ ಕೊಳ್ಳದ ಒಂದು ಬೆಲೆ ಬರುತ್ತದೆ. ಅದಕ್ಕೇ ಎ.ಪಿ.ಎಂ.ಸಿ.ಯ ಧಾರಣೆ ಪಟ್ಟಿಯಲ್ಲಿ ಒಂದೊಂದು ಬಗೆಗೂ ಬೇರೆ ಸಾಲು. ಕನಿಷ್ಠ, ಗರಿಷ್ಠದ ಜತೆಗೆ ಮೋಡಲ್ ಬೆಲೆ. ಅಂದರೆ ಆ ದಿನ ಹೆಚ್ಚು ಮಾಲು ಹೋದ ಬೆಲೆ. ಕ್ಲಾಸಿನಲ್ಲಿ ಮೋಡ್ ಎಂದರೆ ಎರಡು ಅಂಕದ ಪ್ರಶ್ನೆಯಾಗಿತ್ತು. ಮಂಡಿಯ ಜಗಲಿಯಲ್ಲಿ ಕೂತ ರೈತನಿಗೆ ಅದು ಮಗಳ ಫೀಸು. ಗರಿಷ್ಠ ಬೆಲೆ ಕೇಳಿ ಮನೆಯಿಂದ ಹೊರಟವನು ಮೋಡಲ್ ಬೆಲೆಗೆ ಮಾರಿ ಮನೆಗೆ ಹೋಗುತ್ತಾನೆ ಎಂದು ಮಾವ ಹೇಳುತ್ತಿದ್ದರು.

ಸ್ಯಾಂಪ್ಲಿಂಗ್ ಪಾಠ ಶುರುಮಾಡಿದ ದಿನ ಸರ್ ಎಲ್ಲ ಮೇಷ್ಟ್ರುಗಳೂ ಕೊಡುವ ಉದಾಹರಣೆಯನ್ನೇ ಕೊಟ್ಟರು: ಅನ್ನ ಬೆಂದಿದೆಯೇ ನೋಡಲು ಒಂದಗುಳು ಹಿಚುಕಿದರೆ ಸಾಕು. ಸಂಜೆ ಮಾವನಿಗೆ ಅದನ್ನು ಹೇಳಿದೆ. ಮಾವ ಆಗಷ್ಟೇ ಬಂದ ಚೀಲಕ್ಕೆ ಮೊಣಕೈವರೆಗೂ ಕೈ ತೂರಿಸಿದ್ದರು. 'ನೋಡೋ ಅಳಿಯಾ, ಅನ್ನ ಅಂದ್ರೆ ಒಂದೇ ಅಕ್ಕಿ, ಒಂದೇ ನೀರು, ಒಂದೇ ಬೆಂಕಿ. ಅದಕ್ಕೆ ಒಂದಗುಳು ಸಾಕು. ಇದು ಅಡಿಕೆ. ಮೇಲೆ ಮದುಮಗಳು, ಕೆಳಗೆ ಅವರಜ್ಜಿ. ನಿನ್ನ ಮೇಷ್ಟ್ರನ್ನ ಒಂದ್ಸಲ ಕರ್ಕೊಂಬಾ.' ತಳದಿಂದ, ನಡುವಿನಿಂದ, ಅಂಚಿನಿಂದ ಹಿಡಿಹಿಡಿ ತೆಗೆದು, ನಾಲ್ಕಾರು ಅಡಿಕೆಯನ್ನು ಅಡಕತ್ತರಿಯಲ್ಲಿ ಸೀಳಿ ನೋಡಿ, ಮೂಸಿ, ಬೆಲೆ ಆಡುತ್ತಿದ್ದರು. ಮಾದರಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲೆಲ್ಲಿಂದ ತೆಗೆದದ್ದು ಅನ್ನುವುದು ಮುಖ್ಯ ಎಂದು ಪುಸ್ತಕದಲ್ಲಿ ಓದುವ ಹೊತ್ತಿಗೆ ನನಗೆ ಮಾವನ ಮೊಣಕೈ ಕಣ್ಣ ಮುಂದಿತ್ತು.

ಚಿಕ್ಕ ಮಾದರಿಯಿಂದ ದೊಡ್ಡ ತೀರ್ಮಾನಕ್ಕೆ ಎಷ್ಟು ಧೈರ್ಯದಿಂದ ಹೋಗಬಹುದು ಎಂಬುದಕ್ಕೆ ಸೂತ್ರ ಕೊಟ್ಟವನೂ ಒಂದು ಥರದ ಮಂಡಿಯವನೇ. ವಿಲಿಯಂ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬಾರ್ಲಿಯ ಗುಣ ಪರೀಕ್ಷಿಸಲು ಅವನ ಕೈಗೆ ಸಿಗುತ್ತಿದ್ದದ್ದು ಬೆರಳೆಣಿಕೆಯ ಮಾದರಿ. ಆಗಿನ ಸಿದ್ಧಾಂತಗಳಿಗೆ ದೊಡ್ಡ ಮಾದರಿ ಬೇಕು. ಅವನು ಚಿಕ್ಕದಕ್ಕೇ ಹೊಂದುವ ಲೆಕ್ಕ ಕಟ್ಟಿ 1908ರಲ್ಲಿ ಪ್ರಕಟಿಸಿದ. ಸ್ವಂತ ಹೆಸರು ಹಾಕಲು ಕಂಪನಿಯ ಕಟ್ಟುಪಾಡು ಬಿಡಲಿಲ್ಲವಾಗಿ 'ಸ್ಟೂಡೆಂಟ್' ಎಂದು ಸಹಿ ಮಾಡಿದ. ಇವತ್ತಿಗೂ ಅದು ಸ್ಟೂಡೆಂಟನ ಟಿ-ಪರೀಕ್ಷೆ. ಇಡೀ ಸಿಲೆಬಸ್ಸಿನಲ್ಲಿ ನಮ್ಮ ಜಾತಿಯವನೊಬ್ಬನ ಹೆಸರಿದೆಯಲ್ಲ ಎಂದು ಹಿಂದಿನ ಬೆಂಚಿನವರೂ ಆ ಅಧ್ಯಾಯವನ್ನು ಗೌರವದಿಂದ ನೋಡುತ್ತಿದ್ದರು. ಓದುತ್ತಿದ್ದರು ಎಂದು ಹೇಳಲಾರೆ.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಗದ್ದೆಗೆ ಇಳಿಸಿದವರು ಪ್ರಶಾಂತಚಂದ್ರ ಮಹಲನೋಬಿಸ್. 1931ರಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದವರು. ಅವರು ಹುಟ್ಟಿದ ಜೂನ್ 29ನ್ನು 2007ರಿಂದ ಸಂಖ್ಯಾಶಾಸ್ತ್ರದ ದಿನವೆಂದು ಆಚರಿಸುತ್ತಾರೆ. ಬಂಗಾಳದ ಸೆಣಬಿನ ಹೊಲಗಳಲ್ಲಿ ಅಲ್ಲಲ್ಲಿ ಚಿಕ್ಕ ತುಂಡುಗಳನ್ನು ಆರಿಸಿ ಅಳೆದು ಇಡೀ ಪ್ರಾಂತದ ಬೆಳೆಯನ್ನು ಅಂದಾಜಿಸಿದರು. ತುಂಡು ಎಷ್ಟು ದೊಡ್ಡದಿರಬೇಕು ಎಂಬ ಬಗ್ಗೆ ಅವರಿಗೂ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಅವರಿಗೂ ವಾದ ಬಿತ್ತು. ತುಂಡು ತೀರ ಚಿಕ್ಕದಾದರೆ ಇಳುವರಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ ಎಂದು ಸುಖಾತ್ಮೆ ತೋರಿಸಿದರು. ಕಾರಣ ಗಣಿತದ್ದಲ್ಲ, ಮನುಷ್ಯರದ್ದು. ತುಂಡಿನ ಸುತ್ತ ಕಟ್ಟಿದ ಹಗ್ಗದ ಗೆರೆಯ ಮೇಲೇ ನಿಂತ ಪೈರನ್ನು ಕೊಯ್ಯುವವನು ಹೊರಗೆ ಬಿಡುವುದಿಲ್ಲ, ಒಳಗೇ ಸೇರಿಸಿಕೊಳ್ಳುತ್ತಾನೆ. ತುಂಡು ಚಿಕ್ಕದಾದಷ್ಟೂ ಗೆರೆಯ ಮೇಲಿನವರ ಪಾಲು ದೊಡ್ಡದು. ಅಂಕಿ ಅಂಶದ ಪುಸ್ತಕದಲ್ಲಿ ಮನುಷ್ಯನ ಕೈ ಇಷ್ಟು ಸ್ಪಷ್ಟವಾಗಿ ಕಂಡದ್ದು ನನಗೆ ಅಲ್ಲೇ. ಈಗಲೂ ನಮ್ಮೂರ ಕಡೆ ಬೆಳೆ ಕಟಾವು ಪ್ರಯೋಗಕ್ಕೆ ಬರುವವರು ಗದ್ದೆಯಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕಕ್ಕೆ ಗೂಟ ಹೊಡೆದು ಹಗ್ಗ ಕಟ್ಟುತ್ತಾರೆ. ಎಲ್ಲಿ ಹೊಡೆಯಬೇಕೆಂದು ಹೇಳುವುದು ಕಣ್ಣಳತೆಯಲ್ಲ, ಯಾದೃಚ್ಛಿಕ ಸಂಖ್ಯೆ. 'ಇಲ್ಲಿ ಬೇಡ ಸ್ವಾಮಿ, ಅಲ್ಲಿ ಹೊಡೀರಿ' ಎಂದು ಗದ್ದೆಯವನು ಎಷ್ಟು ಅಂಗಲಾಚಿದರೂ ಗೂಟ ಜರುಗುವ ಹಾಗಿಲ್ಲ. ಬೆಳೆ ವಿಮೆಯ ಕಾಲದಲ್ಲಿ ಆ ಚೌಕದ ತೂಕಕ್ಕೆ ಇಡೀ ಪಂಚಾಯಿತಿಯ ಕಿವಿ ನಿಮಿರಿರುತ್ತದೆ.

ಉಳಿದ ಪೇಪರುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮ್ಯಾನೇಜ್‌ಮೆಂಟಿನಲ್ಲಿ ಫೆಯೋಲನ 14 ತತ್ವ, ಮಾಸ್ಲೊನ ಪಿರಮಿಡ್ಡು, ಮಾರ್ಕೆಟಿಂಗಿನಲ್ಲಿ ನಾಲ್ಕು 'ಪಿ'ಗಳು. ಬಾಯಿಪಾಠ ಮಾಡಿದೆವು, ಬರೆದೆವು, ಮರೆತೆವು. ಕಥೆಗಳಿದ್ದದ್ದು ಬಿಸಿನೆಸ್ ಲಾದಲ್ಲಿ. 1913ರ ಲಾಲ್‌ಮನ್ ಶುಕ್ಲಾ ಮೊಕದ್ದಮೆ ಕೇಳಿ ಇಡೀ ತರಗತಿ ಸಿಟ್ಟಾಗಿತ್ತು. ಕಾಣೆಯಾದ ಹುಡುಗನನ್ನು ಹುಡುಕಲು ಯಜಮಾನ ತನ್ನ ಮುನೀಮನನ್ನು ಕಳಿಸುತ್ತಾನೆ. ಅವನು ಹೊರಟ ಮೇಲೆ 501 ರೂಪಾಯಿ ಬಹುಮಾನ ಸಾರುತ್ತಾನೆ. ಮುನೀಮ ಹುಡುಗನನ್ನು ಹುಡುಕಿ ತರುತ್ತಾನೆ, ಆಮೇಲೆ ಬಹುಮಾನದ ಸುದ್ದಿ ತಿಳಿದು ಕೇಳುತ್ತಾನೆ. ಕೋರ್ಟು ಇಲ್ಲ ಅಂದಿತು: ಹುಡುಕುವಾಗ ಬಹುಮಾನದ ವಿಷಯ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಒಪ್ಪಿಕೊಳ್ಳಲಾಗದು, ಒಪ್ಪಿಗೆಯಿಲ್ಲದೆ ಕರಾರಿಲ್ಲ. ರಾಯರಿಗೆ ಈ ಕಥೆ ಹೇಳಿದಾಗ ಅವರು ಬಹಳ ಹೊತ್ತು ಮಾವನ ಕಡೆ ನೋಡಿದರು. 'ಗುಮಾಸ್ತರ ಕಥೆ ಅಲ್ಲೂ ಇದೇ ಅನ್ನು' ಎಂದರು. ಮಾವ ಅವತ್ತು ಇಬ್ಬರಿಗೂ ಮಿರ್ಚಿ ತರಿಸಿದರು.

ಮನೆಯಲ್ಲಿ ಅಪ್ಪ ನಿವೃತ್ತ ಪ್ರಾಥಮಿಕ ಶಾಲೆ ಮೇಷ್ಟ್ರು. ಅವರ ಪಾಲಿಗೆ ಸ್ಟ್ಯಾಟಿಸ್ಟಿಕ್ಸ್ ಅಂದರೆ ಬೆಲೆ ಸೂಚ್ಯಂಕದ ಜತೆ ಏರುವ ತುಟ್ಟಿಭತ್ಯೆ. ಸೂಚ್ಯಂಕದ ಪಾಠ ಓದಿದ ಉತ್ಸಾಹದಲ್ಲಿ ನಾನು ಅವರಿಗೆ ವಿವರಿಸಲು ಕೂತೆ. ಆಧಾರ ವರ್ಷದಲ್ಲಿ ಜನ ಏನೇನು ಎಷ್ಟೆಷ್ಟು ಕೊಳ್ಳುತ್ತಿದ್ದರು ಎಂಬ ಬುಟ್ಟಿ ಕಟ್ಟಿಕೊಳ್ಳುತ್ತಾರೆ. ಅದೇ ಬುಟ್ಟಿಗೆ ಈಗ ಎಷ್ಟು ಬೇಕು ಎಂದು ನೋಡುವುದು 1871ರಲ್ಲಿ ಲಾಸ್ಪೈರಿಸ್ ಹೇಳಿದ ದಾರಿ. ಈಗಿನ ಬುಟ್ಟಿಯನ್ನೇ ಹಿಡಿದು ಹಿಂದಿನ ಬೆಲೆಗೆ ಹೋಲಿಸುವುದು 1874ರ ಪಾಶೆಯ ದಾರಿ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಫಿಷರನ ಆದರ್ಶ ಸೂಚ್ಯಂಕ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ತಯಾರಿಸುವುದು ಲೇಬರ್ ಬ್ಯೂರೋ, ಆ ಸೂಚ್ಯಂಕದ ಆಧಾರ ವರ್ಷ 2016. ಅಪ್ಪ ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು: 'ಬುಟ್ಟೀಲಿ ನನ್ನ ಮಂಡಿನೋವಿನ ಮಾತ್ರೆ ಇದೆಯೇನೋ? ಪಕ್ಕದ ಮನೆಯವನ ಸಿಗರೇಟಿಗೆ ನಾನ್ಯಾಕೆ ಲೆಕ್ಕ ಕೊಡಲಿ?' ಸೂಚ್ಯಂಕವನ್ನು ಕುರಿತು ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ಎತ್ತುವ ಆಕ್ಷೇಪವೂ ಹೆಚ್ಚುಕಡಿಮೆ ಇದೇ. ಎಲ್ಲರ ಬುಟ್ಟಿ ಎಂದು ಹೇಳುವ ಬುಟ್ಟಿ ಯಾರೊಬ್ಬರದ್ದೂ ಅಲ್ಲ.

ಪರೀಕ್ಷೆ ಮಾತ್ರ ಇಂಥ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಪರೀಕ್ಷೆಯಲ್ಲಿ ಬೇಕಾದದ್ದು ಹನ್ನೆರಡು ಅಂಕಿಯ ಸಿಟಿಜನ್ ಕ್ಯಾಲ್ಕುಲೇಟರು, ಅದರ ಎಂ-ಪ್ಲಸ್ ಗುಂಡಿಯ ಮೇಲೆ ಹಿಡಿತ, ಕಾಲಂ ಎಳೆಯಲು ಸ್ಕೇಲು. ಸೂತ್ರ ಬರೆದರೆ ಒಂದು ಅಂಕ, ಟೇಬಲ್ ಹಾಕಿದರೆ ಇಷ್ಟು, ಉತ್ತರ ತಪ್ಪಾದರೂ ಹಾದಿ ಸರಿಯಿದ್ದರೆ ಇಷ್ಟು. ಅಂಕ ಕೊಡುವ ಈ ಪದ್ಧತಿಯಲ್ಲೂ ಎರಡು ಧರ್ಮಗಳ ಭೇದ ಕಾಣುತ್ತಿತ್ತು. ಅಕೌಂಟ್ಸಿನ ಹುಡುಗ ಕೊನೆಯ ಸಾಲಿಗೆ ಬೆವರುತ್ತಿದ್ದ, ಸ್ಟ್ಯಾಟಿಸ್ಟಿಕ್ಸಿನ ಹುಡುಗ ಹತ್ತಿರ ಬಂದರೆ ಸಾಕೆಂದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದ. ಹುಡುಗ ಒಬ್ಬನೇ, ಪೇಪರು ಬೇರೆ.

ಈಗ ನಾನು ಊರ ಸೊಸೈಟಿಯಲ್ಲಿ ಗುಮಾಸ್ತ. ಎರಡೂ ಧರ್ಮಗಳು ಒಂದೇ ಮೇಜಿಗೆ ಬಂದು ಕೂತಿವೆ. ಸಂಜೆ ಬಾಗಿಲು ಹಾಕುವ ಮುಂಚೆ ನಗದು ಶಿಲ್ಕು ಪೈಸೆ ಬಿಡದೆ ಕೂಡಬೇಕು. ಇದು ಮೇಡಂ ಅವರ ಆಜ್ಞೆ. ಆದರೆ ಬೆಳಿಗ್ಗೆ ಯಾರಿಗೆ ಎಷ್ಟು ಬೆಳೆಸಾಲ ಎಂದು ನಿರ್ಧರಿಸುವಾಗ ನಾವು ನೋಡುವುದು ಸ್ಕೇಲ್ ಆಫ್ ಫೈನಾನ್ಸ್ ಎಂಬ ಪಟ್ಟಿ. ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆಗೆ ಇಷ್ಟು, ಒಂದು ಎಕರೆ ಭತ್ತಕ್ಕೆ ಇಷ್ಟು ಖರ್ಚು ಬರುತ್ತದೆ ಎಂದು ಜಿಲ್ಲಾ ಮಟ್ಟದ ಸಮಿತಿ ಕೂತು ಗೊತ್ತು ಮಾಡಿದ್ದು. ಗುಡ್ಡದ ಮಗ್ಗುಲ ಎಕರೆಗೂ ಅಷ್ಟೇ, ಹೊಳೆದಂಡೆಯ ಎಕರೆಗೂ ಅಷ್ಟೇ. ಅಂದಾಜಿನ ಎಕರೆಗೆ ಸಾಲ ಕೊಟ್ಟು ಪೈಸೆ ಲೆಕ್ಕದಲ್ಲಿ ವಸೂಲು ಮಾಡುವುದು ನಮ್ಮ ಉದ್ಯೋಗ.

ಇದನ್ನು ನಾನು ದೂರುತ್ತಿಲ್ಲ. ಪ್ರತಿ ತೋಟದ ಪ್ರತಿ ಮರ ಎಣಿಸಿ ಸಾಲ ಕೊಡುತ್ತೇನೆಂದು ಹೊರಟರೆ ಸಾಲ ಮಂಜೂರಾಗುವ ಹೊತ್ತಿಗೆ ಸಸಿ ಮರವಾಗಿ ಮರ ಮುದಿಯಾಗಿರುತ್ತದೆ. ಅಂದಾಜು ಇಲ್ಲದೆ ಊರು ನಡೆಯದು, ತಾಳೆ ಇಲ್ಲದೆ ಸೊಸೈಟಿ ನಡೆಯದು. ಯಾವುದನ್ನು ಎಲ್ಲಿ ಕೇಳಬೇಕು ಅನ್ನುವುದಷ್ಟೇ ವಿದ್ಯೆ. ದುಡ್ಡಿನಲ್ಲಿ ವ್ಯತ್ಯಾಸ ಬಂದರೆ ಸೊನ್ನೆಯಾಗುವವರೆಗೆ ಹುಡುಕಬೇಕು; ಜನರಲ್ಲಿ, ಜಮೀನಿನಲ್ಲಿ ವ್ಯತ್ಯಾಸ ಬಂದರೆ ಅದನ್ನು ಸೊನ್ನೆ ಮಾಡಲು ಹೋಗದೆ ಬರೆದಿಟ್ಟುಕೊಳ್ಳಬೇಕು. ಕಾಲೇಜು ಇಷ್ಟನ್ನು ಕಲಿಸಲು ಮೂರು ವರ್ಷ ತೆಗೆದುಕೊಂಡಿತು, ಮಿಕ್ಕಿದ್ದಕ್ಕೆ ಮಾರ್ಕ್ಸ್ ಕಾರ್ಡ್ ಕೊಟ್ಟಿತು.

ಮೊನ್ನೆ ಗುಡ್ಡದ ಮೇಲಿನ ತೋಟದ ಹಿರಿಯರೊಬ್ಬರು ಸಾಲ ಸಾಲದೆಂದು ಬಂದರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಕೂಲಿ, ಗುಡ್ಡ ಹತ್ತಿಸುವ ಗೊಬ್ಬರದ ಸಾಗಾಟ ಎಲ್ಲ ವಿವರಿಸಿದರು. ನಾನು ಪಟ್ಟಿ ತೋರಿಸಿದೆ. ಒಂದು ಎಕರೆಗೆ ಸರಾಸರಿ ಖರ್ಚು ಇಷ್ಟು, ಸರಾಸರಿ ಇಳುವರಿ ಇಷ್ಟು ಹಿಡಿದು ಮಾಡಿದ್ದು, ಇದಕ್ಕಿಂತ ಮೇಲೆ ಕೊಡಲು ನನ್ನ ಕೈಯಲ್ಲಿಲ್ಲ ಎಂದೆ. ಅವರು ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು. ಇಳುವರಿಯ ಅಂಕಿಯ ಮೇಲೆ ಬೆರಳಿಟ್ಟರು.

'ಇಷ್ಟು ಬೆಳೆಯೋ ಎಕರೆ ಎಲ್ಲಿದೆ ಹೇಳು ತಮ್ಮಾ, ಅದನ್ನೇ ಕೊಂಡ್ಕೊಂಬಿಡ್ತೀನಿ. ಆಮೇಲೆ ನಿನ್ನ ಸಾಲ ಯಾರಿಗೆ ಬೇಕು?'